ಹತ್ತಿ ಬಿಡಿಸುವ ದಿನದ ಚಿತ್ರ ಬರೆಯುವ ಬಗೆ

ಶಹಾಪುರ, ಸುರಪುರದ ಕಡೆ ಹತ್ತಿ ಬಿಡಿಸಿ ಬದುಕಿದ ಹೆಣ್ಣುಮಗಳೊಬ್ಬಳ ಮುಂದೆ ಕುಂಚ ಇಟ್ಟರೆ, ತನಗೆ ಯಾರೂ ಕೈ ತಿದ್ದಿಸಿಲ್ಲ ಎಂದು ಆಕೆ ಹಿಂದೆ ಸರಿಯುತ್ತಾಳೆ. ಅಮೆರಿಕದ ಲೂಸಿಯಾನ ರಾಜ್ಯದ ಕ್ಲೆಮೆಂಟೀನ್ ಹಂಟರ್ ಅವರಿಗೂ ಯಾರೂ ಕೈ ತಿದ್ದಿಸಿರಲಿಲ್ಲ. 1886ರ ಕೊನೆಗೋ 1887ರ ಮೊದಲಿಗೋ ಹುಟ್ಟಿದ ಈ ಕಪ್ಪು ಹೆಣ್ಣುಮಗಳು ಓದುಬರಹ ಕಲಿಯಲಿಲ್ಲ. ಕೇನ್ ನದಿಯ ದಂಡೆಯಲ್ಲಿದ್ದ ಮೆಲ್‌ರೋಸ್ ಎಂಬ ಜಮೀನಿನಲ್ಲಿ ಹತ್ತಿ ಬಿಡಿಸಿ, ಮುಂದೆ ಅಲ್ಲಿನ ದೊಡ್ಡಮನೆಯಲ್ಲಿ ಅಡುಗೆಗೆ ನಿಂತರು. ಆ ಮನೆಗೆ ಅತಿಥಿಯಾಗಿ ಬಂದಿದ್ದ ಚಿತ್ರಕಾರ್ತಿಯೊಬ್ಬರು ಬಿಟ್ಟುಹೋದ ಬಣ್ಣದ ಟ್ಯೂಬುಗಳನ್ನು ಹಿಂಡಿ, ಹಳೆಯ ಕಿಟಕಿ ಪರದೆಯೊಂದರ ಮೇಲೆ ಅವರು ಚಿತ್ರ ಬರೆದಾಗ ವಯಸ್ಸು ಐವತ್ತು ದಾಟಿತ್ತು. 1988ರ ಜನವರಿ 1ರಂದು ತೀರಿಕೊಳ್ಳುವ ಹೊತ್ತಿಗೆ ಅವರು ಸಾವಿರಾರು ಚಿತ್ರ ಬರೆದಿದ್ದರು. ಅವರ ಚಿತ್ರಗಳನ್ನು ಎದುರಿಗಿಟ್ಟುಕೊಂಡು, ನಮ್ಮ ಎರೆ ಹೊಲದಲ್ಲಿ ಹತ್ತಿ ಬಿಡಿಸುವ ಒಂದು ದಿನವನ್ನು ನೆನಪಿನಿಂದ ಬರೆಯುವುದು ಹೇಗೆ ಎಂಬುದನ್ನು ಇಲ್ಲಿ ಹೇಳುತ್ತೇನೆ.

ಮೊದಲಿಗೆ ಕಾಗದ, ಬಣ್ಣ ಎರಡನ್ನೂ ಬದಿಗಿಟ್ಟು ಒಂದು ಮುಂಜಾನೆ ಸುಮ್ಮನೆ ಕುಳಿತು ನೆನಪು ಮಾಡಿಕೊಳ್ಳಬೇಕು. ಹಂಟರ್ ಅವರ ಹತ್ತಿ ಹೊಲದ ಚಿತ್ರಗಳಲ್ಲಿ ಕೂಲಿಯವರ ಹೆಗಲಿನಿಂದ ಉದ್ದನೆಯ ಚೀಲ ಇಳಿದು ಹಿಂದೆ ನೆಲದ ಮೇಲೆ ಎಳೆದುಕೊಂಡು ಬರುತ್ತದೆ. ನೋಡಲು ಚೆಂದವಾಗಿದೆ ಎಂದು ಆ ಚೀಲವನ್ನು ನೀವೂ ಬರೆದರೆ ಚಿತ್ರ ಅಲ್ಲಿಗೇ ಸುಳ್ಳಾಗುತ್ತದೆ, ಏಕೆಂದರೆ ನಮ್ಮ ಹೊಲದಲ್ಲಿ ಹತ್ತಿ ತುಂಬುವುದು ಉಡಿಯಲ್ಲಿ. ನನ್ನ ಅವ್ವ ಹಳೆಯ ಸೀರೆಯೊಂದನ್ನು ನಡುವಿಗೆ ಕಟ್ಟಿ, ಅದರ ಎರಡು ತುದಿಗಳನ್ನು ಎತ್ತಿ ಸಿಕ್ಕಿಸಿ ಉಡಿ ಮಾಡಿಕೊಳ್ಳುತ್ತಿದ್ದಳು. ಹೊತ್ತು ಏರಿದಂತೆ ಉಡಿ ಉಬ್ಬಿ, ಮಧ್ಯಾಹ್ನದ ಹೊತ್ತಿಗೆ ಸಾಲಿನಲ್ಲಿದ್ದ ಹೆಂಗಸರೆಲ್ಲ ದಿನ ತುಂಬಿದ ಬಸುರಿಯರಂತೆ ಕಾಣುತ್ತಿದ್ದರು. ಒಣಗಿದ ಕಾಯಿಯ ತೊಳೆಯ ತುದಿ ಉಗುರಿನ ಬುಡಕ್ಕೆ ಚುಚ್ಚಿ ರಕ್ತ ಬಂದರೆ ಬೆರಳನ್ನು ಬಾಯಲ್ಲಿಟ್ಟುಕೊಳ್ಳುತ್ತಿದ್ದರು, ಬಿಳಿ ಹತ್ತಿಗೆ ಕಲೆ ತಗಲಬಾರದೆಂದು. ಇಂತಹ ನಾಲ್ಕೈದು ಸಂಗತಿಗಳು ಕೈಗೆ ಸಿಕ್ಕರೆ ಅರ್ಧ ಚಿತ್ರ ಆದಂತೆಯೇ.

ಯಾವುದರ ಮೇಲೆ ಬರೆಯಬೇಕೆಂಬುದು ದೊಡ್ಡ ಪ್ರಶ್ನೆಯಲ್ಲ. ಹಂಟರ್ ಅವರು ರಟ್ಟು, ಹಲಗೆ, ಬಾಟಲಿ, ಒಣ ಸೋರೆಬುರುಡೆ, ಕಬ್ಬಿಣದ ಬಾಣಲೆ, ಸಿಕ್ಕಿದ್ದೆಲ್ಲದರ ಮೇಲೂ ಬರೆದರು. ಮನೆಗೆ ಬಂದ ಫ್ರಿಜ್ಜಿನ ಪೆಟ್ಟಿಗೆಯ ರಟ್ಟು ನಮಗೆ ಸಾಕು. ಆದರೆ ಅದರ ಒಂದೇ ಮಗ್ಗುಲಿಗೆ ಬಣ್ಣ ಬಳಿಯಬೇಡಿ. ನನ್ನ ಮೊದಲ ಚಿತ್ರ ಬಿಸಿಲಿಗಿಟ್ಟ ಹಪ್ಪಳದಂತೆ ಸುರುಳಿಯಾಗಿದ್ದು ಇದೇ ತಪ್ಪಿನಿಂದ. ರಟ್ಟಿನ ಎರಡೂ ಮಗ್ಗುಲಿಗೆ ಬಣ್ಣಕ್ಕೆ ಮುಂಚೆ ತಳಕ್ಕೆ ಬಳಿಯುವ ಬಿಳಿಯ ಅಕ್ರಿಲಿಕ್ ಪ್ರೈಮರನ್ನು ತೆಳುವಾಗಿ ಎರಡು ಸಲ ಬಳಿದು, ಪ್ರತಿ ಸಲವೂ ಪೂರ್ತಿ ಒಣಗಿಸಿ, ರಾತ್ರಿ ಅದರ ಮೇಲೆ ಭಾರ ಹೇರಿಟ್ಟರೆ ಚಪ್ಪಟೆಯಾಗಿ ಉಳಿಯುತ್ತದೆ. ಪ್ಲೈವುಡ್ ಸಿಕ್ಕರೆ ಇನ್ನೂ ಒಳ್ಳೆಯದು. 1955ರಲ್ಲಿ ಮೆಲ್‌ರೋಸಿನ ಆಫ್ರಿಕನ್ ಹೌಸ್ ಎಂಬ ಕಟ್ಟಡಕ್ಕಾಗಿ ಹಂಟರ್ ಅವರು ಹತ್ತಿ ಕಟಾವು, ದೀಕ್ಷಾಸ್ನಾನ, ಶವಸಂಸ್ಕಾರ, ಬಟ್ಟೆ ಒಗೆಯುವ ದಿನ ಇವನ್ನೆಲ್ಲ ದೊಡ್ಡದಾಗಿ ಬರೆದದ್ದು ಪ್ಲೈವುಡ್ ಹಲಗೆಗಳ ಮೇಲೆಯೇ. ಶಹಾಬಾದಿ ಫರಸಿಯ ತುಂಡಿನ ಮೇಲೂ ಬಣ್ಣ ಚೆನ್ನಾಗಿ ಕೂರುತ್ತದೆ, ಆದರೆ ಅದನ್ನು ತೂಗುಹಾಕುವ ಮೊಳೆ ನಮ್ಮ ಗೋಡೆಯಲ್ಲಿ ನಿಲ್ಲುವುದಿಲ್ಲ.

ಅವರು ಹೆಚ್ಚಾಗಿ ಬಳಸಿದ್ದು ಎಣ್ಣೆ ಬಣ್ಣ. ಹೊಸಬರಿಗೆ ಅಕ್ರಿಲಿಕ್ ಸುಲಭ, ಒಣಗುವ ಮುಂಚೆ ಕುಂಚವನ್ನು ಬರೀ ನೀರಿನಲ್ಲಿ ತೊಳೆಯಬಹುದು. ಆದರೆ ಕಲಬುರಗಿ, ಯಾದಗಿರಿಯ ಬೇಸಿಗೆಯಲ್ಲಿ ಅದು ಕುಂಚದ ಮೇಲೆಯೇ ಒಣಗುವುದರಿಂದ, ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಬೆಣ್ಣೆ ಕಾಗದ ಇಟ್ಟು, ಕಾಗದದ ಮೇಲೆ ಚೂರು ಚೂರೇ ಬಣ್ಣ ಹಿಂಡಿಕೊಳ್ಳಬೇಕು.

ಇನ್ನು ಜಾಗ ಹಂಚುವ ಕೆಲಸ. ನಿಜವಾಗಿ ಎಡವುವುದು ಇಲ್ಲಿ. ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಅವರ ಪೌರಾಣಿಕ ಚಿತ್ರಗಳನ್ನು ಕ್ಯಾಲೆಂಡರುಗಳಲ್ಲಿ ನೋಡುತ್ತ ಬೆಳೆದ ನಾವು, ಮೈಗೆ ನೆರಳು ಬೆಳಕು ಕೂಡದಿದ್ದರೆ, ದೂರದ್ದು ಸಣ್ಣದಾಗದಿದ್ದರೆ ಅದು ಚಿತ್ರವೇ ಅಲ್ಲ ಎಂದುಕೊಂಡಿರುತ್ತೇವೆ. ಪಂಡಿತರ ಆ ಕೈ ವರ್ಷಗಟ್ಟಲೆ ಕಲಿತು ಬಂದದ್ದು. ಅದನ್ನು ಅನುಕರಿಸಲು ಹೋದರೆ ನಿಮ್ಮ ಹೊಲವೂ ಉಳಿಯುವುದಿಲ್ಲ, ಅವರ ಸೊಬಗೂ ಬರುವುದಿಲ್ಲ. ಹಂಟರ್ ಅವರ ದಾರಿ ಬೇರೆ. ಅವರು ಹಲಗೆಯನ್ನು ಅಡ್ಡ ಪಟ್ಟಿಗಳಾಗಿ ಹಂಚಿ, ಒಂದರ ಮೇಲೊಂದು ಸಾಲು ಏರಿಸುತ್ತಿದ್ದರು. ನೀವೂ ಒಂದೂವರೆ ಅಡಿ ಎತ್ತರದ ರಟ್ಟಿನಲ್ಲಿ ಮೇಲೆ ನಾಲ್ಕು ಬೆರಳು ಆಕಾಶಕ್ಕೆ ಬಿಟ್ಟು, ಉಳಿದುದರಲ್ಲಿ ಸೀಮೆಸುಣ್ಣದಿಂದ ಮೂರು ಅಡ್ಡಗೆರೆ ಎಳೆಯಿರಿ. ಕೆಳಗಿನ ಗೆರೆಯ ಮೇಲೆ ಹತ್ತಿ ಬಿಡಿಸುವ ಹೆಂಗಸರ ಸಾಲು. ನಡುವಿನ ಗೆರೆಯ ಮೇಲೆ ಬುತ್ತಿ ಬಿಚ್ಚಿ ಕುಳಿತವರು, ಬನ್ನಿಗಿಡಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿದ ಕೂಸು. ಮೇಲಿನ ಗೆರೆಯ ಮೇಲೆ ತಕ್ಕಡಿ, ಅಂಡಿಗೆ ಎಂದರೆ ಹತ್ತಿ ತುಂಬಿದ ದೊಡ್ಡ ಚೀಲ ಹೇರಿದ ಬಂಡಿ. ಮುಂಜಾನೆ, ಮಧ್ಯಾಹ್ನ, ಸಂಜೆ ಮೂರೂ ಒಂದೇ ಹೊಲದಲ್ಲಿ ಒಟ್ಟಿಗೆ ನಡೆಯುತ್ತಿದ್ದರೆ ಅಡ್ಡಿಯೇನೂ ಇಲ್ಲ.

ಯಾರು ಎಷ್ಟು ದೊಡ್ಡವರಾಗಿ ಕಾಣಬೇಕೆಂಬುದನ್ನು ಕಣ್ಣಿಗಿಂತ ನಿಮ್ಮ ನೆನಪು ತೀರ್ಮಾನಿಸಲಿ. ಹಂಟರ್ ಅವರ ಎಷ್ಟೋ ಚಿತ್ರಗಳಲ್ಲಿ ಹೆಂಗಸರು ಗಂಡಸರಿಗಿಂತ ಎತ್ತರವಾಗಿದ್ದಾರೆ. ಹತ್ತಿ ತುಂಬಿದ ಗಾಡಿಯನ್ನು ದೈತ್ಯ ಹುಂಜವೊಂದು ಎಳೆಯುವ ಚಿತ್ರಗಳನ್ನೂ ಅವರು ಬರೆದಿದ್ದಾರೆ. ನಾನು ಅವ್ವನನ್ನು ಬಂಡಿಯಷ್ಟೇ ದೊಡ್ಡದಾಗಿ ಬರೆದು, ತೂಕದಲ್ಲಿ ಕಿಲೋಗಟ್ಟಲೆ ನುಂಗುತ್ತಿದ್ದ ಹೊಲದ ಯಜಮಾನನನ್ನು ತಕ್ಕಡಿಯ ಬಟ್ಟಿಗಿಂತ ತುಸು ಮಾತ್ರ ದೊಡ್ಡದಾಗಿ ಬರೆದೆ. ಅದನ್ನು ನೋಡಿ ಅವ್ವ ಬಹಳ ಹೊತ್ತು ನಕ್ಕಳು.

ಬಣ್ಣ ಹಚ್ಚುವಾಗ ನೆಲ, ಆಕಾಶಗಳಿಂದ ಆರಂಭಿಸಿ, ಅವು ಒಣಗಿದ ಮೇಲೆ ಜನರನ್ನು ಇಳಿಸಿ. ಎರೆಮಣ್ಣಿಗೆ ಟ್ಯೂಬಿನ ಕಪ್ಪನ್ನು ಹಾಗೆಯೇ ಹಚ್ಚಿದರೆ ಹೊಸದಾಗಿ ಹಾಕಿದ ಡಾಂಬರಿನಂತೆ ಕಾಣುತ್ತದೆ. ಅದಕ್ಕೆ ಗಾಢ ಕಂದನ್ನು ಹೆಚ್ಚಾಗಿ, ಬಿಳಿಯನ್ನು ಸಾಸಿವೆ ಕಾಳಿನಷ್ಟು ಬೆರೆಸಬೇಕು. ಆಕಾಶವನ್ನು ಬಿಳಿಚಿಸಬಾರದು, ಬಿಳಿಚಿದರೆ ಅಂಡಿಗೆಯ ಹತ್ತಿ ಅದರಲ್ಲಿ ಕರಗಿಹೋಗುತ್ತದೆ. ಸೀರೆಗಳಿಗೆ ಬಣ್ಣ ಬೆರೆಸದೆ ನೇರವಾಗಿ ಹಚ್ಚಿ, ಮೈಗೆ ಒಂದೇ ಬಣ್ಣ ತುಂಬಿ, ನೆರಳಿನ ಗೋಜಿಗೆ ಹೋಗಬೇಡಿ. ಮುಖ ಬರೆಯಲು ಬಾರದಿದ್ದರೆ ಪಕ್ಕಕ್ಕೆ ತಿರುಗಿಸಿ ಒಂದು ಕಣ್ಣು ಇಟ್ಟರೆ ಸಾಕು, ಇಲ್ಲವೇ ಸೆರಗು ಮುಂದೆಳೆದರೆ ಅದೂ ಬೇಕಿಲ್ಲ. ಹತ್ತಿಯನ್ನು ಎಲ್ಲಕ್ಕಿಂತ ಕೊನೆಗೆ, ಬೇವಿನ ಕಡ್ಡಿಯ ತುದಿಯನ್ನು ಜಜ್ಜಿ ಅದರಿಂದ ಗಟ್ಟಿ ಬಿಳಿಯನ್ನು ಚುಕ್ಕಿ ಚುಕ್ಕಿಯಾಗಿ ಒತ್ತಿದರೆ, ಅರಳಿದ ಕಾಯಿಯಂತೆ ತುಸು ಉಬ್ಬಿ ನಿಲ್ಲುತ್ತದೆ.

ಗುರುತು ಹಾಕುವುದನ್ನು ಮರೆಯಬಾರದು. ಹಂಟರ್ ಅವರು ತಮ್ಮ ಹೆಸರಿನ ಸಿ, ಎಚ್ ಎರಡೇ ಅಕ್ಷರಗಳನ್ನು ಬರೆಯುತ್ತಿದ್ದರು. ಬರಬರುತ್ತ ಸಿ ಅಕ್ಷರ ಹಿಂದುಮುಂದಾಗಿ ತಿರುಗಿ, ಸರಿಯುತ್ತ ಬಂದು ಎಚ್ ಮೇಲೆಯೇ ಏರಿ ಕುಳಿತಿತು. ಯಾವ ಚಿತ್ರ ಯಾವ ಕಾಲದ್ದೆಂದು ತಿಳಿದವರು ಈಗ ಹೇಳುವುದು ಆ ಅಕ್ಷರದ ಜಾಗ ನೋಡಿಯೇ. ಒಂದು ಕಾಲಕ್ಕೆ ತಮ್ಮ ಚಿತ್ರ ನೋಡಲು 25 ಸೆಂಟು ಕೊಡಬೇಕೆಂದು ಮನೆಯ ಹೊರಗೆ ಫಲಕ ಹಾಕಿದ್ದವರ ಹೆಸರಿನಲ್ಲಿ ಮುಂದೆ ನಕಲಿ ಚಿತ್ರಗಳನ್ನು ಮಾರುವವರೂ ಹುಟ್ಟಿಕೊಂಡು, ಆ ಪ್ರಕರಣ ಅಮೆರಿಕದ ನ್ಯಾಯಾಲಯದವರೆಗೆ ಹೋಯಿತು. ಅಕ್ಷರ ಬಾರದವರು ತಮ್ಮ ಕೈಯ ಹಚ್ಚೆಯ ಚುಕ್ಕಿಗಳನ್ನೇ ಗುರುತಾಗಿ ಇಡಬಹುದು.

ಚಿತ್ರ ಪೂರ್ತಿ ಒಣಗಿದ ಮೇಲೆ ಹಿಂದಿನ ಮಗ್ಗುಲಲ್ಲಿ ಯಾರ ಹೊಲ, ಯಾವ ವರ್ಷ, ಸಾಲಿನಲ್ಲಿ ಎಡದಿಂದ ಯಾರು ಯಾರು ನಿಂತಿದ್ದಾರೆ ಎಂಬುದನ್ನು ಮಕ್ಕಳ ಕೈಯಿಂದಲಾದರೂ ಬರೆಸಿಡಿ, ಮತ್ತು ಮಳೆಗಾಲದಲ್ಲಿ ಅದನ್ನು ಹಸಿ ಹಿಡಿಯುವ ಗೋಡೆಯಿಂದ ದೂರವಿಡಿ. ಆಮೇಲೆ ಅದೇ ದಿನವನ್ನು ಮತ್ತೊಂದು ರಟ್ಟಿನ ಮೇಲೆ ಮೊದಲಿನಿಂದ ಬರೆಯಿರಿ. ಹಂಟರ್ ಅವರು ಹತ್ತಿ ಹೊಲವನ್ನು ಎಷ್ಟು ಸಲ ಬರೆದರೂ ಒಂದರಂತೆ ಇನ್ನೊಂದಿಲ್ಲ. ನನ್ನ ಮೂರನೆಯ ಚಿತ್ರದಲ್ಲಿ, ಮೊದಲೆರಡರಲ್ಲಿ ಮರೆತೇಹೋಗಿದ್ದ ನೀರಿನ ಕೊಡ ಬದುವಿನ ಮೇಲೆ ಬಂದು ಕುಳಿತಿದೆ.