ಪಾಟಾ ಏರಿಸಿದ ಲಾರಿಗೆ ಜಾಯಿಂಟ್ ಶಾಫ್ಟ್ ಕೋನ ಕೂಡಿಸುವುದು

ಪಾಟಾ (ಲೀಫ್ ಸ್ಪ್ರಿಂಗ್) ಏರಿಸಿದ ಮೇಲೆ, ಚಾಸಿ ಉದ್ದ ಮಾಡಿದ ಮೇಲೆ ಇಲ್ಲವೇ ಬೇರೆ ಗೇರ್‌ಬಾಕ್ಸ್ ಕೂಡಿಸಿದ ಮೇಲೆ ಲಾರಿ ನಡುಗತೊಡಗಿದರೆ ಹೆಚ್ಚಿನವರು ಮೊದಲು ಗೇರ್‌ಬಾಕ್ಸಿನಿಂದ ಹಿಂದಿನ ಎಕ್ಸಲ್‌ಗೆ ಎಳೆತ ಒಯ್ಯುವ ಜಾಯಿಂಟ್ ಶಾಫ್ಟ್ ಬಿಚ್ಚಿ ಬ್ಯಾಲೆನ್ಸಿಂಗಿಗೆ ಒಯ್ಯುತ್ತಾರೆ. ಅದಕ್ಕಿಂತ ಮುಂಚೆ ಎಕ್ಸಲೇಟರ್ ಬಿಟ್ಟು ನೋಡಿ. ಅದೇ ವೇಗದಲ್ಲಿ ನಡುಕ ಹಾಗೇ ಉಳಿದರೆ ಬ್ಯಾಲೆನ್ಸ್ ನೋಡಬೇಕು. ಎಳೆತಕ್ಕೆ ಹೆಚ್ಚಾಗಿ, ಬಿಟ್ಟರೆ ಇಳಿದರೆ ಅದು ಬಹುಪಾಲು ಕೋನದ ದೋಷ. ಶಾಫ್ಟಿನ ಎರಡೂ ತುದಿಗೆ ಬಾಗುವ ಕೀಲಾಗಿ ಕ್ರಾಸು ಇರುತ್ತದೆ. ವಾರೆಯಾದ ಕ್ರಾಸು ಪ್ರತಿ ಸುತ್ತಿಗೆ ಎರಡು ಸಲ ಶಾಫ್ಟನ್ನು ಜಗ್ಗಿ ಬಿಡುತ್ತದೆ. ಮುಂದಿನ ಕ್ರಾಸಿನ ಕೋನ, ಹಿಂದಿನದರ ಕೋನ ಸಮವಿದ್ದರೆ ಒಂದರ ಜಗ್ಗಾಟವನ್ನು ಇನ್ನೊಂದು ಕಳೆಯುತ್ತದೆ. ಉಳಿದ ಕೆಲಸವೆಲ್ಲ ಇದಕ್ಕಾಗಿಯೇ.

ಕೋನಕ್ಕಿಂತ ಮೊದಲು ಹೌಸಿಂಗ್ (ಹಿಂದಿನ ಎಕ್ಸಲಿನ ಕವಚ) ನೇರ ಇದೆಯೇ ನೋಡಿ. ಎರಡೂ ಬದಿಗೆ ಪಾಟಾದ ಮುಂದಿನ ಕಣ್ಣಿನ ಬೋಲ್ಟಿನಿಂದ ಎಕ್ಸಲ್ ಮಧ್ಯದವರೆಗೆ ಟೇಪು ಹಿಡಿಯಿರಿ. 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಪಾಟಾ ಎಲೆಗಳನ್ನು ನಡುವೆ ಹಿಡಿಯುವ ಸೆಂಟರ್ ಬೋಲ್ಟ್ ಕತ್ತರಿಸಿರಬಹುದು, ಇಲ್ಲವೇ ಬ್ರಾಕೆಟ್ ಸೊಟ್ಟ ಕೂತಿರಬಹುದು. ಅದನ್ನು ಸರಿಮಾಡದೆ ಮುಂದೆ ಹೋಗಬೇಡಿ.

ಅಳತೆ ಲೋಡ್ ಮೇಲೆಯೇ ಆಗಬೇಕು. ಬ್ಯಾಡಗಿ ಮೆಣಸಿನಕಾಯಿ ಚೀಲ ಹೇರುವ ಗಾಡಿಯ ಪಾಟಾ ಕೂರುವುದು ಬೇರೆ, ಕ್ರಷರ್ ಜಲ್ಲಿ ಹೊರುವ ಟಿಪ್ಪರ್‌ನದು ಬೇರೆ. ನಿತ್ಯದ ಮಾಲು ಹಾಕಿ, ಸಪಾಟ ಕಾಂಕ್ರೀಟಿನ ಮೇಲೆ ನಾಲ್ಕು ಮಾರು ಹಿಂದೆ ಮುಂದೆ ಓಡಿಸಿ ನಿಲ್ಲಿಸಿ, ಚಕ್ರಕ್ಕೆ ಅಡೆಗಲ್ಲು ಇಡಿ. ಚಾಸಿಗೆ ಜಾಕ್ ಕೊಟ್ಟರೆ ಹೌಸಿಂಗ್ ಜೋತು ಬಿದ್ದು ಎಲ್ಲ ಕೋನವೂ ಸುಳ್ಳಾಗುತ್ತದೆ.

ಡಿಜಿಟಲ್ ಆ್ಯಂಗಲ್ ಗೇಜಿನಿಂದ ಗೇರ್‌ಬಾಕ್ಸ್ ಫ್ಲಾಂಜ್, ಶಾಫ್ಟ್ ಕೊಳವೆ, ಪಿನಿಯನ್ ಫ್ಲಾಂಜ್ (ಹೌಸಿಂಗಿನ ಮುಂದಿನ ಮೂತಿಯಲ್ಲಿ ಶಾಫ್ಟ್ ಕೂಡುವ ತಟ್ಟೆ) ಮೂರನ್ನೂ ಅಳೆಯಿರಿ. ಗೇರ್‌ಬಾಕ್ಸ್ ಹಿಂದಕ್ಕೆ 3 ಡಿಗ್ರಿ ಇಳಿದಿದೆ, ಶಾಫ್ಟ್ 5 ಡಿಗ್ರಿ ಇಳಿದಿದೆ ಎನ್ನಿ. ಮುಂದಿನ ಕ್ರಾಸಿನ ಕೋನ 2 ಡಿಗ್ರಿ. ಪಿನಿಯನ್ ಮೂತಿ 3 ಡಿಗ್ರಿ ಮೇಲಕ್ಕಿದ್ದರೆ ಹಿಂದಿನದೂ 2 ಆಗುತ್ತದೆ. ಆದರೆ ಲಾರಿ ಎಳೆಯುವಾಗ ಪಾಟಾ ತಿರುಚಿ ಮೂತಿ ಮೇಲೇಳುತ್ತದೆ. ಅದಕ್ಕೇ ನಿಂತಾಗ ಒಂದು ಡಿಗ್ರಿ ತಗ್ಗಿಸಿ 2ಕ್ಕೆ ಇಡಬೇಕು. ಕ್ರಾಸಿನ ಕೋನ 1ರಿಂದ 3 ಡಿಗ್ರಿಯೊಳಗೆ ಒಳ್ಳೆಯದು. ಸೊನ್ನೆ ಮಾಡಬೇಡಿ, ಸೂಜಿ ಬೇರಿಂಗ್ ಉರುಳದೆ ಒಂದೇ ಜಾಗದಲ್ಲಿ ಗುಂಡಿ ಬೀಳುತ್ತದೆ.

ಕೋನ ಬದಲಿಸಲು ಪಾಟಾ, ಎಕ್ಸಲ್ ನಡುವೆ ಇಳಿಜಾರು ಪ್ಲೇಟು ಬೇಕು. 100 ಮಿ.ಮೀ. ಉದ್ದದ ಕೂರುವ ಜಾಗಕ್ಕೆ 1 ಡಿಗ್ರಿ ಎಂದರೆ ಒಂದು ತುದಿ 1.75 ಮಿ.ಮೀ. ದಪ್ಪ. ಪಾಟಾ ಎಕ್ಸಲ್ ಮೇಲಿರುವ ಗಾಡಿಯಲ್ಲಿ ದಪ್ಪ ತುದಿ ಹಿಂದಿದ್ದರೆ ಮೂತಿ ಏರುತ್ತದೆ, ಮುಂದಿದ್ದರೆ ಇಳಿಯುತ್ತದೆ. ಉಕ್ಕಿನದನ್ನೇ ಹಾಕಿ. ಅಲ್ಯುಮಿನಿಯಂ ನಜ್ಜಾಗಿ, ಪಾಟಾವನ್ನು ಎಕ್ಸಲಿಗೆ ಬಿಗಿಯುವ ಯು-ಬೋಲ್ಟ್ ಸಡಿಲಾಗುತ್ತದೆ. ಒಂದರ ಮೇಲೊಂದು ಪ್ಲೇಟು ಪೇರಿಸಬೇಡಿ, ಉದ್ದ ಸಾಲದ ಸೆಂಟರ್ ಬೋಲ್ಟ್, ಹಳೆ ಯು-ಬೋಲ್ಟ್ ಬದಲಿಸಿ. ಲೋಡಿನ ಒಂದು ಟ್ರಿಪ್ಪಾದ ಮೇಲೆ ಕಂಪನಿ ಹೇಳಿದ ಟಾರ್ಕಿಗೆ ಮತ್ತೆ ಬಿಗಿಯಿರಿ.

ಕೋನ ಸರಿಯಿದ್ದೂ ನಡುಗಿದರೆ ಸ್ಪ್ಲೈನ್ (ಶಾಫ್ಟ್ ಉದ್ದ ಗಿಡ್ಡ ಆಗಲು ಜಾರುವ ಹಲ್ಲಿನ ಜೋಡಣೆ) ನೋಡಿ. ಬಿಚ್ಚಿ ಕೂಡಿಸುವಾಗ ಒಂದು ಹಲ್ಲು ತಪ್ಪಿದರೂ ಕ್ರಾಸು ಹಿಡಿಯುವ ಎರಡು ಯೋಕ್ ಒಂದೇ ಸಮತಲದಲ್ಲಿ ಇರುವುದಿಲ್ಲ. ಬಿಚ್ಚುವ ಮುನ್ನ ಎರಡೂ ಭಾಗಕ್ಕೆ ಪಂಚ್ ಗುರುತು ಹಾಕಿ. ಖಾಲಿ ಗಾಡಿಯಲ್ಲೂ ಲೋಡಿನಲ್ಲೂ ಸ್ಪ್ಲೈನ್ ಒಳಕ್ಕೆ ಕನಿಷ್ಠ 25 ಮಿ.ಮೀ. ಜಾಗ ಉಳಿಯಲಿ. ತಳ ಮುಟ್ಟಿದರೆ ಏಟು ಗೇರ್‌ಬಾಕ್ಸ್ ಬೇರಿಂಗಿಗೆ ಬೀಳುತ್ತದೆ. ಸೆಂಟರ್ ಬೇರಿಂಗ್ ಇರುವ ಎರಡು ತುಂಡಿನ ಶಾಫ್ಟಿನಲ್ಲಿ ಮುಂದಿನ ತುಂಡನ್ನು ಗೇರ್‌ಬಾಕ್ಸಿಗೆ ಒಂದು ಡಿಗ್ರಿಯೊಳಗೆ ಇಟ್ಟು, ಪಿನಿಯನ್ನನ್ನು ಆ ತುಂಡಿಗೆ ಸಮಾಂತರ ಮಾಡಿ.

ವ್ಹೀಲ್‌ಬೇಸ್ (ಮುಂದಿನ, ಹಿಂದಿನ ಎಕ್ಸಲ್ ನಡುವಿನ ಅಂತರ) ಬದಲಿಸುವುದಿದ್ದರೆ ವಾಹನದ ಮಾರ್ಪಾಡಿಗೆ ಸಂಬಂಧಿಸಿದ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಅನ್ವಯಿಸುತ್ತದೆ. ಚಾಸಿ ಕೊಯ್ಯುವ ಮುನ್ನವೇ ಆರ್‌ಟಿಒದಲ್ಲಿ ಕೇಳಿ.

ಪರೀಕ್ಷೆಗೆ ಹುಬ್ಬಳ್ಳಿ ಬೈಪಾಸಿನ ಸಪಾಟ ರಸ್ತೆ ಸಾಲದು. ಅಂಕೋಲಾ ಕಡೆಯಿಂದ ಅರಬೈಲ್ ಘಾಟ್ ಏರುವಂಥ ಎಳೆತ ಬೇಕು. ತಗ್ಗಿನ ಗೇರಿನಲ್ಲಿ ಹೊರಡುವಾಗಷ್ಟೇ ನಡುಗಿದರೆ ಮೂತಿ ಅತಿಯಾಗಿ ಏಳುತ್ತಿದೆ ಎಂದರ್ಥ. ಆಗ ಮೊದಲು ಸಡಿಲ ಯು-ಬೋಲ್ಟ್, ಸೋತ ಪಾಟಾ ನೋಡಿ, ಆಮೇಲೆ ಪ್ಲೇಟು. ಇಳಿದ ಕೂಡಲೇ ಚಕ್ರಕ್ಕೆ ಅಡೆಗಲ್ಲಿಟ್ಟು, ಇಂಜಿನ್ ಆರಿಸಿ, ಕ್ರಾಸುಗಳ ಹತ್ತಿರ ಕೈಯೊಡ್ಡಿ. ಒಂದು ಮಾತ್ರ ಹೆಚ್ಚು ಬಿಸಿಯಿದ್ದರೆ ಅದಕ್ಕೆ ನಾಲ್ಕೂ ಬೇರಿಂಗ್ ಕಪ್ಪಿನಿಂದ ಹೊರಬರುವವರೆಗೆ ಗ್ರೀಸ್ ಹೊಡೆದು ನೋಡಿ. ಒಂದು ಕಪ್ಪಿನಿಂದ ಬಾರದಿದ್ದರೆ ಕ್ರಾಸನ್ನೇ ಬದಲಿಸಿ.