ಮುಟ್ಟಿನ ಲೆಕ್ಕ ತಪ್ಪಿದೆಯಾ? ಮೊದಲು ಕ್ಯಾಲೆಂಡರ್ ತೆಗೆಯಿರಿ

'ಕಳೆದ ಸಲ ಯಾವತ್ತು ಮುಟ್ಟಾದಿರಿ?' ಡಾಕ್ಟರ್ ಮೊದಲು ಕೇಳುವುದೇ ಇದು. 'ಗೌರಿ ಹಬ್ಬದ ಹಿಂದೆಮುಂದೆ ಇರಬೇಕು' ಅನ್ನುತ್ತೇವೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಎಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಇರುತ್ತದೆ. ಇದೊಂದು ಮಾತ್ರ ಇರುವುದಿಲ್ಲ.

ಹಾಗಾಗಿ ಇವತ್ತಿನಿಂದಲೇ ಗುರುತು ಹಾಕಿ. ರಕ್ತ ಕಂಡ ಮೊದಲ ದಿನದಿಂದ ಮುಂದಿನ ಸಲದ ಮೊದಲ ದಿನದವರೆಗೆ ಎಣಿಸಬೇಕು. ನಿಂತ ದಿನದಿಂದ ಎಣಿಸಿ 'ಇಪ್ಪತ್ತೆರಡು ದಿನಕ್ಕೇ ಬಂದುಬಿಡ್ತು' ಎಂದು ಸುಮ್ನೆ ಹೆದರುವವರಿದ್ದಾರೆ. 24ರಿಂದ 38 ದಿನದೊಳಗೆ ಬಂದು, 8 ದಿನದೊಳಗೆ ನಿಂತರೆ ಸರಿಯೇ. ದಿನಕ್ಕೆ ಎಷ್ಟು ಪ್ಯಾಡ್, ಗಡ್ಡೆಗಡ್ಡೆಯಾಗಿ ಹೋಯಿತೇ, ನಡುವೆ ಕಲೆ ಕಂಡಿತೇ, ಅದನ್ನೂ ಬರೆಯಿರಿ. ಹುಡುಗಿ ದೊಡ್ಡವಳಾದ ಮೊದಲ ಎರಡು ಮೂರು ವರ್ಷ ಏರುಪೇರು ಸಹಜ. ಆದರೆ ಮೊದಲ ಮುಟ್ಟಿನಿಂದಲೇ ವಿಪರೀತ ಹೋಗುತ್ತಿದ್ದರೆ ರಕ್ತ ಹೆಪ್ಪುಗಟ್ಟುವುದರಲ್ಲೇ ತೊಂದರೆ ಇರಬಹುದು.

ಇನ್ನು ನುಂಗಿದ ಮಾತ್ರೆ ನೆನಪಿಸಿಕೊಳ್ಳಿ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ ಹತ್ತಬೇಕು, ವರಮಹಾಲಕ್ಷ್ಮಿ ಕೂರಿಸಬೇಕು ಎಂದು ಮುಟ್ಟು ಮುಂದೂಡುವ ಮಾತ್ರೆ ತರುತ್ತೇವಲ್ವಾ? ಅದನ್ನು ಬಿಟ್ಟ ಎರಡು ಮೂರು ದಿನಕ್ಕೆ ರಕ್ತ ಬರುತ್ತದೆ, ಆ ತಿಂಗಳ ಲೆಕ್ಕವೂ ಆಚೀಚೆ ಆಗುತ್ತದೆ. ಕಾಪರ್-ಟಿ, ತುರ್ತು ಗರ್ಭನಿರೋಧಕ ಮಾತ್ರೆ, ರಕ್ತ ತೆಳುವಾಗಿಸುವ ಔಷಧ ಕೂಡ ಕಾರಣವಾಗಬಹುದು. ಡಾಕ್ಟರಿಗೆ ಮುಚ್ಚಿಡಬೇಡಿ.

ಆಮೇಲೆ ಗರ್ಭಪರೀಕ್ಷೆ. 'ನನಗೆ ಮಕ್ಕಳಾಗದ ಹಾಗೆ ಆಪರೇಷನ್ ಆಗಿದೆ' ಎಂದು ಬಿಡಬೇಡಿ, ಅಪರೂಪಕ್ಕೆ ಅದೂ ವಿಫಲವಾಗುತ್ತದೆ. ಗರ್ಭ ನಿಂತಿದ್ದು ಹೊಟ್ಟೆಯ ಒಂದು ಕಡೆ ನೋವು, ತಲೆಸುತ್ತು ಇದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದ್ದರೂ ಕಾಯಬೇಡಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ತೋರಿಸಲೇಬೇಕು. 'ವಯಸ್ಸಾದ ಮೇಲೆ ಹೀಗೆಲ್ಲ ಆಗುತ್ತೆ' ಅನ್ನುವ ಮಾತಿಗೆ ಕಿವಿಗೊಡಬೇಡಿ. ಗರ್ಭಕೋಶದ ಕ್ಯಾನ್ಸರ್ ಮೊದಲು ಕಾಣಿಸುವುದು ಹೀಗೆಯೇ.

ಮೈಸೂರಿನವರಿಗೆ ಚೆಲುವಾಂಬ ಆಸ್ಪತ್ರೆ, ಮಂಡ್ಯದವರಿಗೆ ಮಿಮ್ಸ್ ಇದೆ. ಹಿಮೋಗ್ಲೋಬಿನ್, ಥೈರಾಯ್ಡ್, ಸ್ಕ್ಯಾನಿಂಗ್ ಸಾಮಾನ್ಯವಾಗಿ ಹೇಳುತ್ತಾರೆ. 45 ದಾಟಿದವರಿಗೆ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುವುದುಂಟು. ಪಿಸಿಓಡಿ (ಅಂಡಾಶಯದ ಹಾರ್ಮೋನ್ ಏರುಪೇರು), ಥೈರಾಯ್ಡ್ ತೊಂದರೆ ಇದ್ದರೆ ಅಂಡ ಸರಿಯಾಗಿ ಬಿಡುಗಡೆಯಾಗದೆ ಲೆಕ್ಕ ತಪ್ಪುತ್ತದೆ. ಫೈಬ್ರಾಯ್ಡ್, ಅಂದರೆ ಗರ್ಭಕೋಶದ ಗಡ್ಡೆ, ಎಂದಾಕ್ಷಣ ಕಂಗಾಲಾಗಬೇಡಿ, ಅದು ಕ್ಯಾನ್ಸರ್ ಆಗಿರುವುದು ಬಹಳ ಅಪರೂಪ.

ಚಿಕಿತ್ಸೆ ಕಾರಣ ನೋಡಿಕೊಂಡು. ರಕ್ತ ತಡೆಯಲು ಟ್ರಾನೆಕ್ಸಾಮಿಕ್ ಆಸಿಡ್, ಲೆಕ್ಕಕ್ಕೆ ತರಲು ಹಾರ್ಮೋನ್ ಮಾತ್ರೆ, ಇಲ್ಲವೇ ಗರ್ಭಕೋಶದೊಳಗೆ ಇಡುವ, ವರ್ಷಗಟ್ಟಲೆ ಕೆಲಸ ಮಾಡುವ ಹಾರ್ಮೋನ್ ಸಾಧನ. ಪಾಲಿಪ್ (ಗರ್ಭಕೋಶದ ಒಳಪದರದಲ್ಲಿ ಬೆಳೆಯುವ ಸಣ್ಣ ಮಾಂಸದ ಕುಡಿ) ಇದ್ದರೆ ದುರ್ಬೀನು ಹಾಕಿ ಅದೊಂದನ್ನೇ ತೆಗೆಯುತ್ತಾರೆ. 'ಮಕ್ಕಳಾಯ್ತಲ್ಲ, ಗರ್ಭಕೋಶ ತೆಗೆಸಿಬಿಡಿ' ಎಂದು ಮೊದಲ ಭೇಟಿಯಲ್ಲೇ ಹೇಳಿದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ.

ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಮಂಡ್ಯದ ಬೆಲ್ಲ ರುಚಿಗೆ ಸರಿ, ಅದಷ್ಟರಿಂದ ರಕ್ತ ತುಂಬುವುದಿಲ್ಲ. ಕಬ್ಬಿಣದ ಮಾತ್ರೆಯೇ ಬೇಕು. ನಿಂಬೆಹಣ್ಣಿನ ಪಾನಕದ ಜೊತೆ ನುಂಗಿ. ಫಿಲ್ಟರ್ ಕಾಫಿ ಎರಡು ಗಂಟೆ ಬಿಟ್ಟು.