ಕೀ ಕೊಡುವ ವಾಚು: ಬಿಚ್ಚುವ ಕೈ ಯಾರದು?

ಮೈಸೂರಿನಲ್ಲಿ ವಾಚ್ ಅಂಗಡಿಗೆ ಬರವಿಲ್ಲ. ದೇವರಾಜ ಅರಸು ರಸ್ತೆ, ಸಯ್ಯಾಜಿರಾವ್ ರಸ್ತೆ, ಚಿಕ್ಕ ಗಡಿಯಾರದ ಸುತ್ತಮುತ್ತ ಎಲ್ಲಿ ನಿಂತರೂ ಒಂದು ಬೋರ್ಡು ಕಣ್ಣಿಗೆ ಬೀಳುತ್ತದೆ. ಸೆಲ್ ಹಾಕಿಸೋದಕ್ಕೆ, ಬೆಲ್ಟ್ ಬದಲಾಯಿಸೋದಕ್ಕೆ ಧಾರಾಳ ಸಾಕು. ಕೀ ಕೊಡುವ ವಾಚನ್ನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಮತ್ತೆ ಜೋಡಿಸುವವರು ಬೇಕು ಅಂದಾಗಲೇ ತಲೆನೋವು.

ನನ್ನ ಹತ್ತಿರ ಇರುವುದು ದುಬಾರಿ ವಾಚೇನಲ್ಲ. ಎಚ್‌ಎಂಟಿ ಜನತಾ ಒಂದು, ಪೈಲಟ್ ಒಂದು, ಜೊತೆಗೆ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿದ್ದ ನಮ್ಮ ಮಾವನವರು ಕೈಗೆ ಕಟ್ಟುತ್ತಿದ್ದ ಇನ್ನೊಂದು ಜನತಾ. ಮಾರೋಕೆ ಹೋದರೆ ದೊಡ್ಡ ಬೆಲೆ ಬರೋಲ್ಲ. ಕೆಡಿಸಿಕೊಂಡರೆ ಮಾತ್ರ ಮನೆಯಲ್ಲಿ ಉತ್ತರ ಹೇಳಬೇಕು.

ಕೈಕೆಲಸದವರು ಕಡಿಮೆಯಾಗಿದ್ದಕ್ಕೆ ಕಾರಣ ಎಲ್ಲರಿಗೂ ಗೊತ್ತಿರುವುದೇ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದ ಎಚ್‌ಎಂಟಿ, ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ತೆರೆಯಿತು. ಮದುವೆಗೆ, ರಿಟೈರ್‌ಮೆಂಟಿಗೆ ಅದೇ ಉಡುಗೊರೆ. ಟೈಟನ್ ಹುಟ್ಟಿದ್ದು 1984ರಲ್ಲಿ. ಸೆಲ್ ವಾಚು ಮನೆಮನೆಗೂ ಬಂತು. ರಿಪೇರಿಯವರ ಮಕ್ಕಳು ಬೇರೆ ಕೆಲಸ ನೋಡಿಕೊಂಡರು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಮೇಲೆ ಕಂಪನಿಯಿಂದ ಬಿಡಿಭಾಗ ಬರುತ್ತದೆ ಅನ್ನುವ ಆಸೆಯೂ ಹೋಯಿತು. ಈಗ ಒಂದು ಹಳೇ ವಾಚಿನ ಅಂಗ ಕಿತ್ತು ಇನ್ನೊಂದಕ್ಕೆ ಹಾಕುವುದೇ ದಾರಿ. ಹಾಗಾಗಿ ನಿಮ್ಮ ವಾಚಿನ ಒಳಗೆ ಇದ್ದದ್ದು ವಾಪಸ್ ಬರುವಾಗಲೂ ಇದೆಯಾ ಅನ್ನುವುದು ಸಣ್ಣ ಪ್ರಶ್ನೆಯಲ್ಲ.

ನಾನು ಪೈಲಟ್ ಹಿಡಿದುಕೊಂಡು ಒಂದಷ್ಟು ಅಂಗಡಿ ಹತ್ತಿ ಇಳಿದೆ. ಎಲ್ಲ ಕಡೆ ಒಂದೇ ಮಾತು: 'ಬಿಟ್ಟು ಹೋಗಿ ಸಾರ್, ಮುಂದಿನ ವಾರ ಬನ್ನಿ.' ಯಾರೂ ಹಿಂದಿನ ಮುಚ್ಚಳ ತೆಗೆದು ನೋಡಲಿಲ್ಲ. ಮುಂದಿನ ವಾರ ಯಾಕೆ, ಇವತ್ತು ಕೆಲಸ ಜಾಸ್ತಿ ಇದೆಯಾ ಅಂತ ಒಂದು ಕಡೆ ಸುಮ್ನೆ ಕೇಳಿದೆ. ಕೌಂಟರಿನ ಹುಡುಗ ನಿಜ ಹೇಳಿಬಿಟ್ಟ. 'ನಾವು ಮಾಡಲ್ಲ ಸಾರ್, ಮಂಡಿ ಮೊಹಲ್ಲಾ ಕಡೆ ಒಬ್ಬರಿಗೆ ಕೊಡ್ತೀವಿ.' ಇನ್ನೊಂದು ಅಂಗಡಿಯಲ್ಲಿ ಅದೇ ಪ್ರಶ್ನೆ ಹಾಕಿದರೆ ಅವರೂ ಕೈ ತೋರಿಸಿದ್ದು ಅತ್ತಲೇ.

ಆವತ್ತಿನಿಂದ ನಾನು ಅಂಗಡಿ ನೋಡುವುದು ಬಿಟ್ಟೆ. 'ಇದನ್ನು ಕೂತು ಬಿಚ್ಚೋರು ಯಾರು?' ಅಂತ ನೇರವಾಗಿ ಕೇಳುತ್ತೇನೆ. ಹೇಳಿದರೆ ಅವರ ಹತ್ತಿರವೇ ಹೋಗುತ್ತೇನೆ. ಹೇಳದಿದ್ದರೆ ವಾಚು ಜೇಬಿಗೆ. ಇದರಲ್ಲಿ ದುಡ್ಡು ಉಳಿಸುವ ಲೆಕ್ಕವೇನಿಲ್ಲ. ಅಂಗಡಿಯವರ ಕಮಿಷನ್ ಅವರ ಹಕ್ಕು. ಆದರೆ ನಡುವೆ ಇಬ್ಬರು ಮೂವರ ಕೈ ದಾಟಿದರೆ ನಿಮ್ಮ ವಾಚಿಗೆ ಏನಾಗಿತ್ತು ಅನ್ನುವ ಮಾತು ಬಿಚ್ಚುವವರ ಕಿವಿಗೆ ಬೀಳುವುದೇ ಇಲ್ಲ. ರಾತ್ರಿ ನಿಲ್ಲುತ್ತದೋ, ಬಿದ್ದಿತ್ತೋ, ನೀರು ಹೋಗಿತ್ತೋ, ಇದೆಲ್ಲ ಗೊತ್ತಿಲ್ಲದೆ ಅವರಾದರೂ ಏನು ಮಾಡಿಯಾರು?

ಮಂಡಿ ಮೊಹಲ್ಲಾದ ಸಾಹೇಬರದು ಬೋರ್ಡಿಲ್ಲದ ಜಾಗ. ಒಂದು ಮೇಜು, ಒಂದು ಟೇಬಲ್ ಲ್ಯಾಂಪು, ಗಾಜಿನ ಮುಚ್ಚಳದ ಸಣ್ಣ ಸಣ್ಣ ಬಟ್ಟಲು. ಮೊದಲು ನಾನು ಕೊಟ್ಟದ್ದು ಪೈಲಟ್ಟನ್ನೇ, ಮಾವನವರ ವಾಚಲ್ಲ. ಹೊಸಬರ ಕೈಗೆ ಮೊದಲು ಕೊಡುವುದು ಹೋದರೂ ಹೊಟ್ಟೆ ಉರಿಯದ ವಾಚು. ಇದರಲ್ಲಿ ನಾಚಿಕೆಯೇನಿಲ್ಲ, ಅವರಿಗೂ ಅದು ಗೊತ್ತಾಗುತ್ತದೆ.

ಅವರು ವಾಚು ತೆಗೆದುಕೊಂಡು ಮೊದಲು ಕಿವಿಗೆ ಹಿಡಿದರು. ಆಮೇಲೆ ಎರಡು ಸುತ್ತು ಕೀ ಕೊಟ್ಟು ನೋಡಿದರು. 'ಯಾವಾಗಿಂದ ಹಿಂದೆ ಬೀಳ್ತಿದೆ? ಮಲಗಿಸಿದರೂ ಹಿಂದೆಯಾ, ಕೈಯಲ್ಲಿದ್ದಾಗ ಮಾತ್ರಾನಾ?' ಅಂದರು. ಬಿಚ್ಚುವ ಮೊದಲು ಪ್ರಶ್ನೆ ಕೇಳಿದ ಮೊದಲನೆಯವರು ಅವರೇ. ಐಗ್ಲಾಸ್ ಕಣ್ಣಿಗಿಟ್ಟು ಹಿಂದಿನ ಮುಚ್ಚಳ ತೆಗೆದು ನನ್ನ ಕಡೆಗೂ ತಿರುಗಿಸಿದರು. ಮುಚ್ಚಳದ ಒಳಮೈ ಮೇಲೆ ಸೂಜಿಯಲ್ಲಿ ಗೀರಿದಂಥ ಅಕ್ಷರ, ಅಂಕಿ. ಹಿಂದೆ ಸರ್ವಿಸ್ ಮಾಡಿದವರು ತಾರೀಖು ಹಾಕಿ ತಮ್ಮ ಗುರುತು ಬಿಟ್ಟಿರುತ್ತಾರೆ. ಹಳೇ ವಾಚು ಕೊಳ್ಳುವವರು ತಪ್ಪದೆ ನೋಡಬೇಕಾದ ಜಾಗ ಅದು. ಒಳಗಿನ ಮಷೀನಿನಲ್ಲಿ ಸ್ಕ್ರೂ ತಲೆಗಳನ್ನು ತೋರಿಸಿದರು. ಒಂದರ ಸೀಳು ಹರಿದು ಅಗಲವಾಗಿತ್ತು. 'ಯಾರೋ ಅಳತೆ ತಪ್ಪಿದ ಸ್ಕ್ರೂಡ್ರೈವರ್ ಹಾಕಿದಾರೆ.'

ಈ ಸ್ಕ್ರೂ ವಿಷಯ ನೆನಪಿಟ್ಟುಕೊಳ್ಳಿ. ವಾಚು ಕೊಡುವ ಮೊದಲು ಮುಚ್ಚಳ ತೆಗೆಸಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡರೆ ಆಯಿತು. ವಾಪಸ್ ಬಂದಾಗ ಹೊಸ ಗೀರು ಬಿದ್ದಿದೆಯಾ, ಬೇರೆ ಮಷೀನ್ ಏನಾದರೂ ಬಂದಿದೆಯಾ, ಎರಡೂ ಗೊತ್ತಾಗುತ್ತದೆ. ಫೋಟೋ ತೆಗೀತೀನಿ ಅಂದಾಗ ಮುಖ ಸಿಂಡರಿಸುವವರಿಗೆ ನಾನು ವಾಚು ಕೊಡುವುದಿಲ್ಲ. ಸಾಹೇಬರು ಲ್ಯಾಂಪ್ ಹತ್ತಿರ ತಂದುಕೊಟ್ಟರು.

ಸರ್ವಿಸ್ ಅಂತ ಹೇಳಿ ನಡೆಯುವ ಮೋಸ ಒಂದಿದೆ. ವಾಚು ಬಿಚ್ಚುವುದೇ ಇಲ್ಲ. ಇಡೀ ಮಷೀನನ್ನು ಪೆಟ್ರೋಲಿನಲ್ಲಿ ಅದ್ದಿ, ಒಣಗಿಸಿ, ಮೇಲೊಂದು ಹನಿ ಎಣ್ಣೆ ಬಿಟ್ಟು ಕೊಡುತ್ತಾರೆ. ನಿಂತಿದ್ದ ವಾಚು ಓಡುತ್ತದೆ, ಗಿರಾಕಿಗೂ ಖುಷಿ. ಆದರೆ ಹಳೇ ಎಣ್ಣೆ ಕರಗಿ, ಕೊಳೆ ಮಾತ್ರ ಚಕ್ರಗಳ ಮೊನೆ ಕೂತು ತಿರುಗುವ ಜ್ಯೂಯೆಲ್ ಕಲ್ಲಿನ ತೂತಿನಲ್ಲೇ ಉಳಿದಿರುತ್ತದೆ. ಸ್ಪ್ರಿಂಗ್ ಇರುವ ಡಬ್ಬಿಯನ್ನಂತೂ ಯಾರೂ ತೆರೆದಿರುವುದಿಲ್ಲ. ಎಣ್ಣೆಯಿಲ್ಲದೆ ಉಕ್ಕಿನ ಮೊನೆ ತಿರುಗಿ ತಿರುಗಿ ಸವೆಯುತ್ತದೆ. ನನ್ನ ಜನತಾಗೆ ಒಂದು ಅಂಗಡಿಯಲ್ಲಿ ಹೀಗೇ ಆಗಿತ್ತು. ಕೆಲವೇ ವಾರಕ್ಕೆ ಮತ್ತೆ ನಿಂತಿತು. ಕೇಳಿದರೆ 'ಹಳೇ ವಾಚಲ್ವಾ ಸಾರ್' ಅಂದರು.

ಟೈಮ್ ಸರಿ ತೋರಿಸುತ್ತಿದೆ ಅನ್ನುವುದು ಸರ್ವಿಸ್ ಆಗಿದೆ ಅನ್ನುವುದಕ್ಕೆ ಸಾಕ್ಷಿಯಲ್ಲ. ಹಿಂದಕ್ಕೂ ಮುಂದಕ್ಕೂ ಬೀಸುತ್ತಾ ವಾಚಿನ ಓಟವನ್ನು ಹಿಡಿತದಲ್ಲಿಡುವ ಬ್ಯಾಲೆನ್ಸ್ ಚಕ್ರದ ಮೇಲೆ ಒಂದು ಸಣ್ಣ ಕಡ್ಡಿ ಇರುತ್ತದೆ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ಕೊಳಕು ವಾಚೂ ಕೆಲವು ದಿನ ನೆಟ್ಟಗೆ ಟೈಮ್ ತೋರಿಸುತ್ತದೆ. ನೋಡಬೇಕಾದದ್ದು ಚಕ್ರ ಎಷ್ಟು ಅಗಲಕ್ಕೆ ಬೀಸುತ್ತಿದೆ ಅನ್ನುವುದನ್ನು. ಟೈಮ್‌ಗ್ರಾಫರ್ ಅನ್ನುವ ಸಣ್ಣ ಯಂತ್ರ ಟಿಕ್ ಟಿಕ್ ಸದ್ದು ಕೇಳಿಸಿಕೊಂಡು ಅದನ್ನು ಡಿಗ್ರಿಯಲ್ಲಿ ಹೇಳುತ್ತದೆ. ಇದಕ್ಕೆ ಆಂಪ್ಲಿಟ್ಯೂಡ್ ಅಂತಾರೆ. ಪೂರ್ತಿ ಕೀ ಕೊಟ್ಟು, ಡಯಲ್ ಮೇಲೆ ಮಾಡಿ ಮಲಗಿಸಿದಾಗ 270 ಡಿಗ್ರಿಯ ಆಸುಪಾಸು ಬಂದರೆ ಚೆನ್ನಾಗಿದೆ ಅಂತ ಲೆಕ್ಕ. 200ಕ್ಕಿಂತ ಕೆಳಗಿದ್ದರೆ ಏನೋ ಹಿಡಿಯುತ್ತಿದೆ. ಸಾಹೇಬರ ಹತ್ತಿರ ಈ ಯಂತ್ರ ಇತ್ತು, ನನಗೆ ತೋರಿಸಿಯೇ ಕೊಟ್ಟರು. ಯಂತ್ರ ಇಲ್ಲದ ಒಳ್ಳೆ ಕೆಲಸಗಾರರೂ ಇದ್ದಾರೆ, ಅದೊಂದೇ ಕಾರಣಕ್ಕೆ ಬಿಡಬೇಡಿ. ಅಂಥವರ ಹತ್ತಿರ ಮಾಡಿಸಿದರೆ ಮನೆಯಲ್ಲೇ ನೋಡಬಹುದು. ಪೂರ್ತಿ ಕೀ ಕೊಟ್ಟು ಒಂದು ದಿನ ಮಲಗಿಸಿಡಿ, ಇನ್ನೊಂದು ದಿನ ಕೀ ಕೆಳಗೆ ಬರುವಂತೆ ನಿಲ್ಲಿಸಿಡಿ. ಎರಡಕ್ಕೂ ನಿಮಿಷಗಟ್ಟಲೆ ವ್ಯತ್ಯಾಸ ಬಂದರೆ ವಾಪಸ್ ಒಯ್ಯಿರಿ. ಒಂದು ಸಲ ಕೀ ಕೊಟ್ಟರೆ ಒಂದೂವರೆ ದಿನವಾದರೂ ಓಡಬೇಕು. ಇದ್ದಕ್ಕಿದ್ದಂತೆ ವಾಚು ಸಿಕ್ಕಾಪಟ್ಟೆ ಮುಂದೆ ಓಡಲು ಶುರು ಮಾಡಿದರೆ ಮಾತ್ರ ಸರ್ವಿಸಿಗೆ ಮುಂಚೆ ಅಯಸ್ಕಾಂತದ ಅನುಮಾನ ಪಡಿ. ಮೊಬೈಲ್ ಸ್ಪೀಕರ್ ಪಕ್ಕ ಇಟ್ಟು ಮಲಗುವ ಅಭ್ಯಾಸ ಬಹಳ ಜನಕ್ಕಿದೆ. ವಾಚಿಗೆ ಹತ್ತಿದ ಅಯಸ್ಕಾಂತದ ಗುಣ ತೆಗೆಯುವುದು ಒಂದು ನಿಮಿಷದ ಕೆಲಸ, ಅದಕ್ಕೆ ಪೂರ್ತಿ ಸರ್ವಿಸ್ ಚಾರ್ಜು ಕೇಳಿದರೆ ಎದ್ದು ಬನ್ನಿ.

ಪೈಲಟ್ ಚೆನ್ನಾಗಿ ಓಡಿದ ಮೇಲೆ ಮಾವನವರ ಜನತಾ ತೆಗೆದುಕೊಂಡು ಹೋದೆ. ಡಯಲ್ ಹಳದಿಯಾಗಿತ್ತು, ಅಂಚಿನಲ್ಲಿ ಕಲೆ. ಹೊಸದಾಗಿ ಬಣ್ಣ ಹಾಕಿಸೋಣವಾ ಅಂತ ಕೇಳಿದೆ. 'ಬೇಡ ಸಾರ್. ಪೇಂಟ್ ಮಾಡಿಸಿದರೆ ಯಾರ ವಾಚು ಅಂತ ನಿಮಗೇ ಗೊತ್ತಾಗಲ್ಲ' ಅಂದರು. ಕೇಸ್ ಪಾಲಿಶ್‌ಗೂ ಒಪ್ಪಲಿಲ್ಲ. ಗೀರು ಬಿದ್ದ ಗಾಜು ಮಾತ್ರ ಬದಲಾಯಿಸಿದರು, ಹಳೇದನ್ನು ಕಾಗದದಲ್ಲಿ ಸುತ್ತಿ ವಾಪಸ್ ಕೊಟ್ಟರು. ಬದಲಾಯಿಸಿದ ಭಾಗವನ್ನು ಕೇಳದೆಯೇ ಕೈಗಿಡುವವರು ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ನೀವೇ ಮೊದಲು ಹೇಳಿಬಿಡಿ, 'ತೆಗೆದದ್ದೆಲ್ಲ ನನಗೆ ಬೇಕು' ಅಂತ.

ದುಡ್ಡಿನ ಮಾತು: ಒಂದು ಸರ್ವಿಸಿಗೆ ನನಗೆ ಆದದ್ದು ಸಾವಿರ ರೂಪಾಯಿಯೊಳಗೆ, ಗಾಜು ಬೇರೆ. ನೂರಿನ್ನೂರಕ್ಕೆ ಫುಲ್ ಸರ್ವಿಸ್ ಅಂದರೆ ನಂಬಬೇಡಿ. ಅಷ್ಟಕ್ಕೆ ಪೆಟ್ರೋಲ್ ಸ್ನಾನವೇ ಗತಿ. ಸಾಹೇಬರು ಅವಸರದ ಕೆಲಸ ತೆಗೆದುಕೊಳ್ಳುವುದಿಲ್ಲ. ಸ್ಟಾಪ್‌ವಾಚ್ ಇರುವ ಕ್ರೋನೋಗ್ರಾಫ್ ವಾಚುಗಳನ್ನು ಮುಟ್ಟುವುದೇ ಇಲ್ಲ. ನನ್ನ ಸ್ನೇಹಿತರೊಬ್ಬರು ಅಂಥದ್ದೊಂದನ್ನು ತಂದಾಗ ಮುಚ್ಚಳ ಕೂಡ ತೆಗೆಯದೆ, ಬೆಂಗಳೂರಿನಲ್ಲಿ ಕಂಪನಿ ಸರ್ವಿಸಿಗೇ ಕೊಡಿ ಅಂದರು. ಅದೇ ದಿನ ಆ ಸ್ನೇಹಿತರು ತಮ್ಮ ತಂದೆಯ ಹಳೇ ಎಚ್‌ಎಂಟಿಯನ್ನು ಅವರ ಮೇಜಿನ ಮೇಲೆ ಬಿಟ್ಟು ಬಂದರು.